ನಾನಾ ಬಳೆ ಹರಡುತ್ತಿದ್ದ ಬಂಡೆ

ಚಳ್ಳಕೆರೆಯಿಂದ ಬಳ್ಳಾರಿಯ ಬಸ್ಸು ಹತ್ತಿದ್ದೀರಾ? ತಳಕು ದಾಟಿ, ಬಿ.ಜಿ. ಕೆರೆ ದಾಟಿ, ಹಾನಗಲ್ ಬರುವಷ್ಟರಲ್ಲಿ ಕಿಟಕಿಯ ಹೊರಗೆ ಶೇಂಗಾ ಹೊಲಗಳ ನಡುವೆ ಬಂಡೆಗಳ ಗುಡ್ಡಗಳು ಶುರುವಾಗುತ್ತವೆ. ಯಾರೋ ಗೋಣಿಚೀಲದಿಂದ ಕಲ್ಲು ಸುರಿದು ಮರೆತು ಹೋದಂತೆ ಕಾಣುತ್ತವೆ. ಮಳೆ ಕಡಿಮೆ, ಬಿಸಿಲು ಧಾರಾಳ. ಮಲೆನಾಡಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವರ್ಷ ಇಲ್ಲಿ ಅಳುತ್ತಾರೆ. ಎರಡನೇ ವರ್ಷ ಗುಡ್ಡದ ಸೀತಾಫಲ ತಿಂದ ಮೇಲೆ ಸುಮ್ಮನಾಗುತ್ತಾರೆ.

ಆ ಗುಡ್ಡಗಳಲ್ಲಿ ಒಂದು ಜಟಿಂಗ ರಾಮೇಶ್ವರ. ಮೊಳಕಾಲ್ಮೂರು ತಾಲೂಕಿನಲ್ಲಿದೆ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಪಕ್ಷಿ ರೆಕ್ಕೆ ಕಳೆದುಕೊಂಡು ಬಿದ್ದದ್ದು ಇಲ್ಲೇ ಎಂದು ಈ ಕಡೆಯವರ ನಂಬಿಕೆ. ನೆತ್ತಿಯ ಮೇಲೆ ಹಳೆಯ ರಾಮೇಶ್ವರ ಗುಡಿಯಿದೆ. ವರ್ಷಕ್ಕೊಮ್ಮೆ ಜಾತ್ರೆ. ಮುಸ್ಲಿಂ ಮನೆಯ ಹೆಂಗಸು ಈ ಪತ್ರಿಕೆಯಲ್ಲಿ ಗುಡಿಯ ಗುಡ್ಡದ ಬಗ್ಗೆ ಏಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಕಾರಣ ನಮ್ಮ ನಾನಾ, ಅಂದರೆ ನನ್ನ ಅಮ್ಮಿಯ ತಂದೆ. ಅವರು ಬಳೆಗಾರರು. ಆ ಗುಡ್ಡದ ಮೇಲೆ ಒಂದು ಬಂಡೆಗೆ ಜನ ಇಟ್ಟಿರುವ ಹೆಸರೇ 'ಬಳೆಗಾರ ಗುಂಡು'. ಜಾತ್ರೆಯಲ್ಲಿ ಬಳೆಗಾರರು ತಮ್ಮ ಅಂಗಡಿ ಹರಡುತ್ತಿದ್ದದ್ದು ಅದರ ಮೇಲೆ. ನಾನಾ ಕೂಡ ಅಲ್ಲಿಯೇ ಕೂರುತ್ತಿದ್ದರು.

ಅದೇ ಬಂಡೆಯ ಮೇಲೆ ಸಾಮ್ರಾಟ್ ಅಶೋಕನ ಶಾಸನವಿದೆ. ಇದು ನನಗೆ ಗೊತ್ತಾದದ್ದು ಬಿ.ಎ. ಓದುವಾಗ. ಇತಿಹಾಸದ ಪುಸ್ತಕದಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಹೆಸರು ಒಟ್ಟಿಗೆ ಕಂಡಾಗ ಮೈ ಜುಮ್ಮೆಂದಿತು. ನಮ್ಮ ನಾನಾ ಸಂಸಾರ ಸಾಕಿದ ಬಂಡೆ ಪುಸ್ತಕದಲ್ಲಿ! 1892ರಲ್ಲಿ ಬಿ.ಎಲ್. ರೈಸ್ ಅವರು ಈ ಮೂರು ಶಾಸನಗಳನ್ನು ಪತ್ತೆ ಮಾಡಿದರು. ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಮೂರರಲ್ಲಿ ತೀರಾ ಸವೆದಿರುವುದು ನಮ್ಮ ಜಟಿಂಗದ್ದು. ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಬಿಸಿಲು ಮಳೆ ಒಂದು ಕಡೆ, ಅದರ ಮೇಲೆ ಕೂತು ಎದ್ದ ಬಳೆಗಾರರು ಇನ್ನೊಂದು ಕಡೆ. ಅಶೋಕನ ಅಕ್ಷರ ಸವೆಸಿದವರಲ್ಲಿ ನಮ್ಮ ಮನೆತನದವರೂ ಇದ್ದಾರೆ ಎಂದು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ.

ನಾನಾ ಬಗ್ಗೆ ಹೇಳಬೇಕು. ಅವರು ತೀರಿಕೊಂಡಾಗ ನನಗೆ ಎಂಟು ವರ್ಷ. ತೆಳ್ಳಗೆ, ಉದ್ದಕ್ಕೆ ಇದ್ದರು. ಎಡಗಾಲಿನ ಮೀನಖಂಡದ ಮೇಲೆ ಅಂಗೈಯಗಲದ ಗಾಯದ ಗುರುತು, ಅಲ್ಲಿ ಚರ್ಮ ಕಾಗದದಂತೆ ಹೊಳೆಯುತ್ತಿತ್ತು. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಅವರ ಕೈಯಲ್ಲಿ ಬಳೆ ಇಡಿಸಿಕೊಂಡರೆ ನೋವೇ ಆಗುವುದಿಲ್ಲ ಎಂದು ಸುತ್ತಲ ಹಳ್ಳಿಯ ಹೆಂಗಸರು ಬೇರೆಯವರ ಹತ್ತಿರ ಹೋಗದೆ ಕಾಯುತ್ತಿದ್ದರಂತೆ. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ, ಬೇರೆ ಏನೋ ಮಾತಾಡಿಸುತ್ತಾ, ಮಾತು ಮುಗಿಯುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು.

ಬಳೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಮಾಡುತ್ತಿದ್ದರು. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ ಈ ನಾಡು ಸುತ್ತಲು ಹೊರಟ ಬುಕಾನನ್ ಸಾಹೇಬರು ಅದನ್ನು ನೋಡಿ ಬರೆದಿಟ್ಟಿದ್ದಾರೆ. ನಾನಾ ಕಾಲಕ್ಕೆ ಸರಕೆಲ್ಲ ಉತ್ತರದ ಫಿರೋಝಾಬಾದಿನಿಂದ ಬರುತ್ತಿತ್ತು.

ನಾನಾ ಯುದ್ಧಕ್ಕೆ ಹೋಗಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಅದು ಯಾರೂ ಎತ್ತದ ಮಾತಾಗಿತ್ತು. ಪೆಟ್ಟಿಗೆಯ ತಳದಲ್ಲಿ ಬೆಲ್ಟಿನ ಹಿತ್ತಾಳೆ ಬಕಲು ಒಂದಿತ್ತು, ಅದರ ಮೇಲೆ ಎರಡು ತಲೆಯ ಗಂಡಭೇರುಂಡ, ಮೈಸೂರು ಅರಸರ ಲಾಂಛನ. ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಇನ್‌ಫೆಂಟ್ರಿ ಪಡೆಯನ್ನು ಸಿಂಗಾಪುರದ ರಕ್ಷಣೆಗೆಂದು ಬ್ರಿಟಿಷರ ಜೊತೆ ಕಳಿಸಿದ್ದರು. ಬಳೆ ವ್ಯಾಪಾರದಲ್ಲಿ ಸಾಲವಾಗಿ ನಾನಾ ಆ ಪಡೆಗೆ ಸೇರಿದ್ದರು. ಆಗ ಅವರಿಗೆ ಇಪ್ಪತ್ತೋ ಇಪ್ಪತ್ತೊಂದೋ. 1942ರಲ್ಲಿ ಸಿಂಗಾಪುರ ಬಿದ್ದ ಮೇಲೆ ಪತ್ರವಿಲ್ಲ, ಸುದ್ದಿಯಿಲ್ಲ. 1946ರಲ್ಲಿ ಒಂದು ಮಧ್ಯಾಹ್ನ ಮೊಳಕಾಲ್ಮೂರಿನ ಮನೆಯ ಬಾಗಿಲಲ್ಲಿ ಬಂದು ನಿಂತರು. ಮರುವರ್ಷ ಮದುವೆ. ಅಮ್ಮಿ ಹುಟ್ಟಿದ್ದು 1949ರಲ್ಲಿ.

ಆ ನಾಲ್ಕು ವರ್ಷ ಎಲ್ಲಿದ್ದರು, ಏನು ಮಾಡಿದರು? ಅಮ್ಮಿ ಚಿಕ್ಕವರಿದ್ದಾಗ ಕೇಳಿದರೆ ನಾನಾ ಎದ್ದು ಹೊರಗೆ ಹೋಗುತ್ತಿದ್ದರು. ಮೂರು ಸಂಗತಿಗಳು ಮಾತ್ರ ಅಮ್ಮಿಗೆ ನೆನಪು. ತಟ್ಟೆಯಲ್ಲಿ ಒಂದಗುಳು ಅನ್ನ ಬಿಟ್ಟರೂ ನಾನಾ ಅದನ್ನು ಬೆರಳಲ್ಲಿ ಎತ್ತಿ ತಿನ್ನುತ್ತಿದ್ದರು. ಗೆಣಸನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ಸಂಕ್ರಾಂತಿಗೆ ಪಕ್ಕದ ಮನೆಯವರು ಬೇಯಿಸಿದ ಗೆಣಸು ಕೊಟ್ಟರೆ ನಾನಿ ಅದನ್ನು ಹಿತ್ತಿಲಲ್ಲೇ ಮಕ್ಕಳಿಗೆ ತಿನ್ನಿಸಿ ಕೈ ತೊಳೆಸಿ ಒಳಗೆ ಕರೆಯುತ್ತಿದ್ದರು. ಮೂರನೆಯದು, ಜ್ವರ ಬಂದಾಗ ನಾನಾ ಕನವರಿಸುತ್ತಿದ್ದ ಒಂದು ಶಬ್ದ. 'ಶೋನಾನ್, ಶೋನಾನ್' ಎನ್ನುತ್ತಿದ್ದರಂತೆ. ಅದು ಉರ್ದುವಲ್ಲ, ಕನ್ನಡವಲ್ಲ, ತೆಲುಗೂ ಅಲ್ಲ. ನಾನಿ ಅದನ್ನು ಯಾವುದೋ ಹೆಂಗಸಿನ ಹೆಸರೆಂದುಕೊಂಡು ಎಷ್ಟೋ ವರ್ಷ ಒಳಗೊಳಗೇ ಬೆಂದಿದ್ದರು. ನಗಬೇಡಿ ಸಹೋದರಿಯರೇ. ಗಂಡ ನಾಲ್ಕು ವರ್ಷ ಎಲ್ಲಿದ್ದನೆಂದು ತಿಳಿಯದ ಹೆಂಗಸಿನ ಜಾಗದಲ್ಲಿ ನಿಂತು ನೋಡಿ.

ನನ್ನ ತಮ್ಮ ಸಿಂಗಾಪುರದಲ್ಲಿ ಕೆಲಸಕ್ಕಿದ್ದಾನೆ. 2023ರ ದಸರಾ ರಜೆಯಲ್ಲಿ ನಾವೆಲ್ಲ, ಅಂದರೆ ಅಮ್ಮಿ, ನಾನು, ನನ್ನ ಯಜಮಾನರು, ಮಗಳು ಮತ್ತು ಮಗ, ಅವನ ಮನೆಗೆ ಹೋಗುವುದೆಂದಾಯಿತು. ಮಕ್ಕಳಿಗೆ ಸಮುದ್ರ, ಮೃಗಾಲಯ, ದೊಡ್ಡ ದೊಡ್ಡ ಅಂಗಡಿಗಳ ಆಸೆ. ಎಪ್ಪತ್ತನಾಲ್ಕರ ಅಮ್ಮಿ ಮಾತ್ರ ಮಂಡಿನೋವಿನ ಎಣ್ಣೆಯ ಬಾಟಲಿಯ ಜೊತೆ ಆ ಬಕಲನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡರು. ವಿಮಾನದಲ್ಲಿ ನನ್ನ ಕಿವಿಯ ಬಳಿ ಬಗ್ಗಿ, "ಬೇಟಿ, ಅಬ್ಬಾ ನಡೆದ ಜಾಗ ನನಗೆ ತೋರಿಸು. ಬೇರೇನೂ ಬೇಡ" ಎಂದರು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ನಾನಾ ಹಡಗಿನಲ್ಲಿ ಎಷ್ಟು ದಿನ ಹೋಗಿದ್ದರೋ ಎಂದು ಅಮ್ಮಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು.

ಮೊದಲು ಕರೆದೊಯ್ದದ್ದು ಬುಕಿತ್ ತಿಮಾ ರಸ್ತೆಯ ಹಳೆಯ ಫೋರ್ಡ್ ಕಾರ್ಖಾನೆಗೆ. ಕಾರು ಜೋಡಿಸಲು ಕಟ್ಟಿದ ಕಟ್ಟಡ. 1942ರ ಫೆಬ್ರವರಿ 15ರಂದು ಬ್ರಿಟಿಷ್ ಜನರಲ್ ಪರ್ಸಿವಲ್ ಜಪಾನಿನ ಜನರಲ್ ಯಮಾಶಿತನಿಗೆ ಶರಣಾದದ್ದು ಅದರ ಒಂದು ಕೋಣೆಯಲ್ಲಿ. ಈಗ ಅದು ವಸ್ತುಸಂಗ್ರಹಾಲಯ. ಜಪಾನಿಯರು ಮಲಯಾದ ದಡಕ್ಕೆ ಇಳಿದದ್ದು ಡಿಸೆಂಬರ್ 8ಕ್ಕೆ. ಅಲ್ಲಿಂದ ಎಪ್ಪತ್ತು ದಿನ ಮುಗಿದಿತ್ತಷ್ಟೆ, ಯಾರೂ ಗೆಲ್ಲಲಾರರು ಎಂದುಕೊಂಡಿದ್ದ ಸಿಂಗಾಪುರ ಬಿದ್ದುಹೋಯಿತು.

ನಾನು ಗೋಡೆಯ ಮೇಲಿನ ಬರಹಗಳನ್ನು ಓದಿ ಅಮ್ಮಿಗೆ ಹೇಳುತ್ತಾ ಹೋಗುತ್ತಿದ್ದೆ. ಗೆದ್ದ ಜಪಾನಿಯರು ಊರಿಗೆ ಹೊಸ ಹೆಸರಿಟ್ಟರು, 'ಶೋನಾನ್‌ತೊ', ದಕ್ಷಿಣದ ಬೆಳಕು ಎಂಬ ಅರ್ಥ. ನಾನು ಆ ಶಬ್ದ ಓದಿ ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೆ. ಅಮ್ಮಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಏನಂದೆ? ಇನ್ನೊಮ್ಮೆ ಹೇಳು."

ಹೇಳಿದೆ. ಅಮ್ಮಿ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. "ಊರಿನ ಹೆಸರು! ಯಾ ಅಲ್ಲಾಹ್, ಅದು ಊರಿನ ಹೆಸರು. ನಮ್ಮ ಅಮ್ಮ ಪಾಪ..." ಎಂದು ಹೇಳುತ್ತಾ ಒಮ್ಮೆ ನಕ್ಕರು, ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವರಿಗೆ ಹೇಳುವ ದಾರಿ ಇರಲಿಲ್ಲ.

ಆಮೇಲೆ ತಮ್ಮ ಇನ್ನೊಂದು ಸಂಗತಿ ಹೇಳಿದ. 2017ರಲ್ಲಿ ಈ ಸಂಗ್ರಹಾಲಯವನ್ನು ಹೊಸದಾಗಿ ತೆರೆದಾಗ ಅದಕ್ಕೆ 'ಶೋನಾನ್ ಗ್ಯಾಲರಿ' ಎಂದು ಹೆಸರಿಟ್ಟಿದ್ದರಂತೆ. ಆ ಕಾಲವನ್ನು ಕಂಡವರು, ಅವರ ಮಕ್ಕಳು ತುಂಬಾ ನೊಂದುಕೊಂಡರು. ಎರಡೇ ದಿನದಲ್ಲಿ ಹೆಸರು ಬದಲಾಯಿಸಿದರು. ಎಪ್ಪತ್ತೈದು ವರ್ಷ ಕಳೆದರೂ ಒಂದು ಶಬ್ದ ಇಷ್ಟು ಚುಚ್ಚುವುದಾದರೆ, ಮೊಳಕಾಲ್ಮೂರಿನ ಒಂದು ಮಣ್ಣಿನ ಮನೆಯಲ್ಲಿ ಜ್ವರದಲ್ಲಿ ಮಲಗಿದ್ದ ಬಳೆಗಾರನಿಗೆ ಚುಚ್ಚಿದ್ದರಲ್ಲಿ ಏನು ಆಶ್ಚರ್ಯ?

ಗೆಣಸಿನ ಕತೆಯೂ ಅಲ್ಲೇ ಬಿಡಿಸಿಕೊಂಡಿತು. ಅಕ್ಕಿ ಸಿಗದ ಆ ಮೂರೂವರೆ ವರ್ಷ ಊರಿನ ಜನ ಗೆಣಸು, ಮರಗೆಣಸು ತಿಂದೇ ಜೀವ ಹಿಡಿದಿದ್ದರು. ಊರಿನವರಿಗೇ ಅದಾದರೆ ಸೆರೆಯಾಳುಗಳ ಗತಿ ಹೇಳಬೇಕೆ? ಅಮ್ಮಿ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ ತಟ್ಟೆಯಲ್ಲಿ ಬಿಟ್ಟಿದ್ದ ಅನ್ನವನ್ನು ತಮ್ಮ ತಟ್ಟೆಗೆ ಹಾಕಿಕೊಂಡರು.

ಮರುದಿನ ಫಾರರ್ ಪಾರ್ಕ್. ಸಿಂಗಾಪುರಕ್ಕೆ ಹೋದ ನಮ್ಮವರೆಲ್ಲ ಮುಸ್ತಫಾ ಸೆಂಟರಿಗೆ ಹೋಗಿಯೇ ಹೋಗುತ್ತಾರೆ. ಅದರ ಸಮೀಪದ ಬಯಲು ಅದು. ಶರಣಾದ ಎರಡನೇ ದಿನ, ಫೆಬ್ರವರಿ 17ಕ್ಕೆ, ಸುಮಾರು 45,000 ಭಾರತೀಯ ಸೈನಿಕರನ್ನು ಬಿಳಿಯರಿಂದ ಬೇರ್ಪಡಿಸಿ ಆ ಬಯಲಿನಲ್ಲಿ ಸೇರಿಸಿದರು. ಬ್ರಿಟಿಷ್ ಅಧಿಕಾರಿಯೊಬ್ಬ ಅವರನ್ನು ಜಪಾನಿಯರಿಗೆ ಒಪ್ಪಿಸಿ ಹೊರಟುಹೋದ. ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು, ಬ್ರಿಟಿಷರ ವಿರುದ್ಧ ಹೋರಾಡಲು ಬನ್ನಿ ಎಂದು ಕರೆದರು. ಆಝಾದ್ ಹಿಂದ್ ಫೌಜಿನ ಮೊದಲ ಕರೆ ಅದು. ಸುಭಾಷ್ ಚಂದ್ರ ಬೋಸರು ಸಿಂಗಾಪುರಕ್ಕೆ ಬಂದು ಅದರ ಮುಂದಾಳತ್ವ ವಹಿಸಿದ್ದು 1943ರ ಜುಲೈಯಲ್ಲಿ.

ಸುಮಾರು ಅರ್ಧದಷ್ಟು ಜನ ಸೇರಿದರು, ಉಳಿದವರು ಸೇರಲಿಲ್ಲ. ಸೇರದವರಲ್ಲಿ ಸಾವಿರಾರು ಮಂದಿಯನ್ನು ಜಪಾನಿಯರು ಹಡಗಿಗೆ ತುಂಬಿ ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆ ಒಯ್ದರು. ಎಷ್ಟೋ ಜನ ಹಸಿವಿನಿಂದ, ಕಾಯಿಲೆಯಿಂದ ಅಲ್ಲೇ ಸತ್ತರು. ನಾನು ಇಪ್ಪತ್ತು ವರ್ಷದಿಂದ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಭಾಷಣ ಮಾಡುತ್ತಿದ್ದೇನೆ. ನೇತಾಜಿಯವರನ್ನು, ಅವರ ಜೊತೆಗಿದ್ದ ಶಾ ನವಾಝ್ ಖಾನರನ್ನು ಹೆಮ್ಮೆಯಿಂದ ನೆನೆಯುತ್ತೇನೆ. ಸೇರದೆ ಉಳಿದವರ ಬಗ್ಗೆ ಒಂದು ಸಲವೂ ಬಾಯಿ ತೆರೆದಿಲ್ಲ. ಅವರಿಗೆ ದೇಶದ ಮೇಲೆ ಪ್ರೀತಿಯಿರಲಿಲ್ಲ ಎಂದಲ್ಲ. ಕೆಲವರು ಕೊಟ್ಟ ಮಾತಿಗೆ ಕಟ್ಟುಬಿದ್ದರು, ಕೆಲವರು ಜಪಾನಿಯರನ್ನು ನಂಬಲಿಲ್ಲ, ಇನ್ನು ಕೆಲವರಿಗೆ ಮನೆ ಸೇರಿದರೆ ಸಾಕಿತ್ತು. ನಾನಾ ಆ ಬಯಲಿನಲ್ಲಿ ಯಾವ ಕಡೆ ನಡೆದರು? 1972ರಲ್ಲಿ ಸರಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿದಾಗ, ಫೌಜಿನಲ್ಲಿದ್ದಿರಾದರೆ ಅರ್ಜಿ ಹಾಕಿ ಎಂದು ಊರಿನ ಮೇಷ್ಟ್ರೊಬ್ಬರು ಮನೆಗೆ ಬಂದು ಹೇಳಿದ್ದರಂತೆ. "ನಾನು ಬಳೆಗಾರ" ಎಂದಷ್ಟೇ ಹೇಳಿ ನಾನಾ ಮಲಾರ ಎತ್ತಿಕೊಂಡು ಹೊರಟರು. ಅದರಿಂದ ಏನು ತಿಳಿಯುತ್ತೆ, ನೀವೇ ಹೇಳಿ. ಇದ್ದೂ ಬೇಡವೆಂದರೋ, ಇಲ್ಲದ್ದಕ್ಕೆ ಬೇಡವೆಂದರೋ.

ಅಮ್ಮಿ ಆ ಜಾಗದಲ್ಲಿ ಕರವಸ್ತ್ರ ಬಿಚ್ಚಿ ಬಕಲನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಮತ್ತೆ ಸುತ್ತಿ ಒಳಗಿಟ್ಟರು. "ಯಾವ ಕಡೆ ನಡೆದರೂ ಕಾಲು ಅಬ್ಬಾನದೇ ತಾನೆ" ಎಂದರು. ಹತ್ತಿರದ ಅಂಗುಲ್ಲಿಯಾ ಮಸೀದಿಯಿಂದ ಅಸರ್ ಆಝಾನ್ ಆಯಿತು, ಹೋದೆವು.

ಕ್ರಾಂಜಿಯ ಯುದ್ಧ ಸ್ಮಾರಕ ಊರಿನ ಉತ್ತರಕ್ಕೆ ಒಂದು ಗುಡ್ಡದ ಮೇಲಿದೆ. ನಮ್ಮ ಜಟಿಂಗದ ಮುಂದೆ ಅದು ಗುಡ್ಡವೇ ಅಲ್ಲ, ಹಸಿರು ಹುಲ್ಲಿನ ದಿಬ್ಬ. 4,400ಕ್ಕೂ ಹೆಚ್ಚು ಗೋರಿಗಳು ಸಾಲುಸಾಲಾಗಿವೆ. ಮೇಲೆ ವಿಮಾನದ ರೆಕ್ಕೆಯಂಥ ಚಾವಣಿಯ ಕೆಳಗೆ ಕಲ್ಲಿನ ಕಂಬಗಳು. ಗೋರಿಯೇ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಆ ಕಂಬಗಳ ಮೇಲೆ ಕೆತ್ತಿದ್ದಾರೆ. ಭಾರತದವರ ಹೆಸರುಗಳು ಎಷ್ಟೋ. ನಾನಾ ಬದುಕಿ ಬಂದವರು, ಅವರ ಹೆಸರು ಇರಲು ಸಾಧ್ಯವಿಲ್ಲ. ಮತ್ತೇಕೆ ಇಷ್ಟು ದೂರ ಎಂದು ನನ್ನ ಮಗ ಕೇಳಿದ.

"ನಿನ್ನ ಪರನಾನಾನ ಪಕ್ಕ ಮಲಗಿದ್ದವರು, ಒಂದೇ ತಟ್ಟೆಯಲ್ಲಿ ಉಂಡವರು ಇಲ್ಲಿರಬಹುದು" ಎಂದರು ಅಮ್ಮಿ. ನನಗೆ ಕಂಬದ ಹತ್ತಿರ ನಿಂತು ಹೆಸರು ಓದಲು ಹೇಳಿದರು. ನಾನು ಓದುತ್ತಾ ಹೋದೆ. ಖಾನ್‌ಗಳು, ಮುಹಮ್ಮದರು, ಸಿಂಗರು, ರಾಮರು. ಪ್ರತಿ ಮುಸ್ಲಿಂ ಹೆಸರಿಗೂ ಅಮ್ಮಿ ಇನ್ನಾ ಲಿಲ್ಲಾಹಿ ಹೇಳಿದರು. ಉಳಿದ ಹೆಸರುಗಳಿಗೆ "ಯಾವ ತಾಯಿಯ ಮಗನೋ" ಎಂದರು. ಎರಡು ಕಂಬ ಮುಗಿಯುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಮಗಳು ಮುಂದುವರಿಸಿದಳು.

ಊರಿಗೆ ಹೊರಡುವ ಹಿಂದಿನ ದಿನ ಸುಲ್ತಾನ್ ಮಸೀದಿಗೆ ಹೋದೆವು. ಚಿನ್ನದ ಬಣ್ಣದ ದೊಡ್ಡ ಗುಮ್ಮಟ. ಅದರ ಬುಡದಲ್ಲಿ ಕಪ್ಪು ಪಟ್ಟಿಯೊಂದು ಸುತ್ತಿಕೊಂಡಿದೆ. ಹತ್ತಿರದಿಂದ ನೋಡಿದರೆ ಅದು ಗಾಜಿನ ಬಾಟಲಿಗಳ ತಳ! ಮಸೀದಿ ಕಟ್ಟುವಾಗ ಹಣ ಕೊಡಲಾಗದ ಬಡವರು ಬಾಟಲಿ ತಂದು ಕೊಟ್ಟರಂತೆ, ಅವರ ಪಾಲೂ ಇರಲಿ ಎಂದು ಅದನ್ನು ಗುಮ್ಮಟಕ್ಕೆ ಕೂರಿಸಿದರು. ಈಗಿನ ಕಟ್ಟಡ ಮುಗಿದದ್ದು 1932ರಲ್ಲಿ. ನಾನಾ ಬಂದಾಗ ಅದಕ್ಕೆ ಹತ್ತು ವರ್ಷ ತುಂಬಿರಲಿಲ್ಲ. "ಗಾಜು ಕಂಡರೆ ಅಬ್ಬಾ ನಿಲ್ಲದೆ ಹೋಗುವವರಲ್ಲ. ಖಂಡಿತ ಇಲ್ಲಿ ನಿಂತು ನೋಡಿದ್ದಾರೆ" ಎಂದರು ಅಮ್ಮಿ. ಸಿಂಗಾಪುರದಲ್ಲಿ ಅವರು ಇಷ್ಟು ಗಟ್ಟಿಯಾಗಿ ಹೇಳಿದ ಮಾತು ಇದೊಂದೇ.

ಊರಿಗೆ ಬಂದ ಮೇಲೆ ಅಮ್ಮಿಗೆ ಗುಡ್ಡ ಹತ್ತುವ ಹಟ ಹಿಡಿಯಿತು. ಡಿಸೆಂಬರಿನ ಒಂದು ಭಾನುವಾರ ಮುಂಜಾನೆ ಆಟೋ ಮಾಡಿಕೊಂಡು ಹೋದೆವು. ಮೆಟ್ಟಿಲುಗಳಿವೆ, ಆದರೆ ಮಂಡಿನೋವಿನವರಿಗಲ್ಲ. ಅಮ್ಮಿ ಒಂದಷ್ಟು ಹತ್ತಿ, ನೆರಳಿನ ಬಂಡೆಯೊಂದಕ್ಕೆ ಒರಗಿ ಕೂತರು. "ನೀವು ಹೋಗಿ ಬನ್ನಿ. ನಾನು ಇಲ್ಲಿಂದಲೇ ಗಾಳಿ ಕುಡಿಯುತ್ತೇನೆ." ನಾನೂ ಮಗಳೂ ಮೇಲಕ್ಕೆ ಹೋದೆವು. ಅರ್ಧ ದಾರಿಯಿಂದಲೇ ಬಯಲುಸೀಮೆ ಪೂರ್ತಿ ಕಾಣುತ್ತದೆ. ಬ್ರಹ್ಮಗಿರಿ ಕೂಡ ಅಲ್ಲೇ ತಲೆಯೆತ್ತಿ ನಿಂತಿದೆ. ಅದರ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿ ಅಶೋಕನಿಗಿಂತ ಹಿಂದಿನ ಜನವಸತಿಯ ಗುರುತುಗಳನ್ನು ತೋರಿಸಿದರು. ಶಾಸನದಲ್ಲಿ ಹೇಳಿರುವ ಇಸಿಲ ಎಂಬ ಪಟ್ಟಣ ಇಲ್ಲಿಯೇ ಇತ್ತು ಎನ್ನುತ್ತಾರೆ.

ಬಳೆಗಾರ ಗುಂಡಿನ ಮುಂದೆ ಮಗಳು ನಿರಾಸೆಯಿಂದ, "ಇಷ್ಟೇನಾ ಅಮ್ಮಾ?" ಎಂದಳು. ನಿಜ, ಅಲ್ಲಲ್ಲಿ ಗೀರುಗಳಂತೆ ಕಾಣುವ ಒಂದಷ್ಟು ಅಕ್ಷರ, ಅಷ್ಟೇ. ನೀವು ಹೋಗುವುದಾದರೆ ಮೊದಲು ಬ್ರಹ್ಮಗಿರಿಯ ಶಾಸನವನ್ನು ನೋಡಿ ಬನ್ನಿ. ಅದು ಓದಲು ಬರುತ್ತದೆ, ಇಲ್ಲಿ ಏನಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಅದರಲ್ಲಿರುವುದೇನು? ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು, ಇದು ಹಿಂದಿನಿಂದ ಬಂದ ಪದ್ಧತಿ ಎಂಬ ಅರ್ಥದ ಮಾತುಗಳು. ಕಳಿಂಗ ಯುದ್ಧದ ಸುದ್ದಿ ಇಲ್ಲಿಲ್ಲ. ಆ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಅಶೋಕ ಪಶ್ಚಾತ್ತಾಪದಿಂದ ಕೆತ್ತಿಸಿದ್ದು ಬೇರೆ ಕಡೆ. ಪೇಶಾವರದ ಕಡೆಯ ಶಹಬಾಝ್‌ಗಢಿಯಲ್ಲಿ ಅದನ್ನು ಓದಬಹುದು. ಯುದ್ಧ ನಡೆದ ಕಳಿಂಗದಲ್ಲೇ ಆ ಶಾಸನವನ್ನು ಕೆತ್ತಿಸಲಿಲ್ಲ. ನಮ್ಮ ಗುಡ್ಡಕ್ಕೆ ಬಂದದ್ದು ತಾಯಿತಂದೆಯ ಮಾತು ಮಾತ್ರ. ನಾನು ಇದನ್ನು ಹತ್ತಾರು ಸಲ ಪಾಠ ಮಾಡಿದ್ದೇನೆ. ಆ ದಿನ ಬಂಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಅಶೋಕನಲ್ಲ, ಅಮ್ಮಿ ಪ್ರಶ್ನೆ ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ ನಾನಾ.

ಇನ್ನೊಂದು ಸಂಗತಿಯನ್ನು ಮಗಳಿಗೆ ತೋರಿಸಬೇಕಿತ್ತು, ಆದರೆ ಅದು ಇಲ್ಲಿ ಸವೆದುಹೋಗಿದೆ. ಬ್ರಹ್ಮಗಿರಿಯಲ್ಲಿ ಶಾಸನದ ಕೊನೆಗೆ ಬರೆದವನ ಹೆಸರಿದೆ, ಚಪಡ. ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ, ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಗಡಿಯ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದುವಂಥದ್ದು. ದಿನಾ ಬೆಳಿಗ್ಗೆ ಮಕ್ಕಳಿಗೆ ಅಲಿಫ್, ಬಾ ಕಲಿಸುವವಳು ನಾನು. ಹೊಸ ಮಕ್ಕಳ ಬೆರಳು ಹಿಡಿದು 'ಇಲ್ಲಿಂದ ಅಲ್ಲ, ಆ ಕಡೆಯಿಂದ' ಎಂದು ತಿರುಗಿಸುತ್ತೇನೆ. ರಾಜನ ಮಾತನ್ನೆಲ್ಲ ಈ ಕಡೆಯ ಲಿಪಿಯಲ್ಲಿ ಬರೆದು, ತನ್ನ ಕಸುಬನ್ನು ಮಾತ್ರ ತನ್ನೂರಿನ ಲಿಪಿಯಲ್ಲಿ ತಿರುಗಿಸಿ ಬರೆದ ಆ ಮನುಷ್ಯನಿಗೆ ಈ ಬಿಸಿಲಿನಲ್ಲಿ ಮನೆಯ ನೆನಪು ಬಂದಿರಬೇಕು. ಶೋನಾನಿನಲ್ಲಿ ನಾನಾಗೆ ಶೇಂಗಾ ಹೊಲಗಳ ನೆನಪು ಬಂದ ಹಾಗೆ.

ಮಗಳು ಕೈಯಲ್ಲಿದ್ದ ಬಳೆಯನ್ನು ತೆಗೆದು ಬಂಡೆಯ ಮೇಲಿಡಲು ಹೋದಳು. ಬೇಡವೆಂದು ತಡೆದೆ. ಉಳಿದ ನಾಲ್ಕು ಅಕ್ಷರವಾದರೂ ಇರಲಿ.

ಕೆಳಗೆ ಬಂದಾಗ ಅಮ್ಮಿ ಗುಡಿಗೆ ಹೊರಟಿದ್ದ ಇಬ್ಬರು ಹೆಂಗಸರೊಡನೆ ಮಾತಿಗೆ ಕೂತಿದ್ದರು. ಅವರಲ್ಲಿ ಹಿರಿಯವರಿಗೆ ನಾನಾ ನೆನಪು! "ನಿಮ್ಮಪ್ಪ ಬಳೆ ಸಾಬಣ್ಣ ಅಲ್ಲವೇನಮ್ಮ? ನನ್ನ ಮದುವೆ ಬಳೆ ಅವರೇ ಇಡಿಸಿದ್ದು" ಎಂದು ಅಮ್ಮಿಯ ಕೈ ಹಿಡಿದುಕೊಂಡಿದ್ದರು. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡವೆಂಬ ಕೂಗು ಎದ್ದದ್ದನ್ನು ಟಿವಿಯಲ್ಲಿ ಕೇಳಿ, "ಹಾಗಾದರೆ ಅಬ್ಬಾ ಎಲ್ಲಿ ಮಲಾರ ಬಿಚ್ಚಬೇಕಿತ್ತು?" ಎಂದು ಅಮ್ಮಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಈಗ ಆ ಹೆಂಗಸು ಕೊಟ್ಟ ಮಂಡಕ್ಕಿ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದರು.

ಆಟೋ ಬರುವವರೆಗೆ ಅಮ್ಮಿ ನನಗೆ ಅದುವರೆಗೂ ಹೇಳದ ಒಂದು ವಿಷಯ ಹೇಳಿದರು. ನಾನಿಯಿಂದ ಕೇಳಿದ್ದಂತೆ. ನಾನಾ ಯುದ್ಧಕ್ಕೆ ಹೋದ ದಿನ ಅವರ ತಾಯಿ ಕೈಯ ಬಳೆ ತೆಗೆದಿಟ್ಟವರು ಮತ್ತೆ ತೊಡಲಿಲ್ಲ. ಗಂಡ ಬದುಕಿದ್ದರು, ಮನೆ ತುಂಬ ಬಳೆ, ಹಬ್ಬಕ್ಕೆ ಊರಿಗೆಲ್ಲ ಇವರ ಮನೆಯದೇ ಬಳೆ. ಆದರೆ ನಾಲ್ಕೂವರೆ ವರ್ಷ ಆಕೆಯ ಕೈ ಬರಿಗೈ. ಯಾರು ಬೈದರೂ ಕೇಳಲಿಲ್ಲ, ಮಗ ಬಂದು ಇಡಿಸಲಿ ಎಂದರು. ನಾನಾ ಬಂದ ಮಧ್ಯಾಹ್ನ ನೀರೂ ಕುಡಿಯದೆ ಮೂಲೆಯಲ್ಲಿದ್ದ ಮಲಾರ ಬಿಚ್ಚಿ, ಹಸಿರು ಬಳೆ ಒಂದು ಡಜನ್ ಎಣಿಸಿ ತೆಗೆದುಕೊಂಡು ತಾಯಿಯ ಮುಂದೆ ಕೂತರು. ಯಾರಿಗೂ ನೋವಾಗದಂತೆ ಇಡಿಸುತ್ತಿದ್ದ ಆ ಕೈ ಅಂದು ನಡುಗಿ ಮೂರು ಬಳೆ ಒಡೆದವು. ತಾಯಿಯ ಮಣಿಕಟ್ಟಿನಲ್ಲಿ ರಕ್ತ ಬಂತು. ಆಕೆ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಒಂಬತ್ತು ಉಳಿದವು" ಎಂದರು ಅಮ್ಮಿ. "ಆಕೆಯನ್ನು ಮಣ್ಣು ಮಾಡುವ ದಿನದವರೆಗೂ ಅದರಲ್ಲಿ ಐದು ಕೈಯಲ್ಲಿದ್ದವಂತೆ."

ಆಟೋ ಬಂತು. ಅಮ್ಮಿ ಎದ್ದು, ಗುಡ್ಡದ ಕಡೆ ಒಮ್ಮೆ ನೋಡಿ, ಮಗಳ ಕೈಯ ಬಳೆ ಎಣಿಸುತ್ತಾ ಹತ್ತಿ ಕೂತರು.